ಕಿಸೆಯ ಕಂಪ್ಯೂಟರಿಗೆ ಸಲೈನ್ ಹಚ್ಚುತ್ತಿದ್ದವರು

ಅವರ ಬಲಗೈ ಬೆರಳುಗಳಿಂದ ಸದಾ ನಿಂಬೆಹಣ್ಣಿನ ವಾಸನೆ ಬರುತ್ತಿತ್ತು. ಹೆಬ್ಬೆರಳಿನ ಉಗುರನ್ನು ಉದ್ದ ಬೆಳೆಸಿ, ಅರದಿಂದ ತೀಡಿ, ತುದಿಯನ್ನು ಸ್ಕ್ರೂಡ್ರೈವರಿನ ಹಾಗೆ ಚಪ್ಪಟೆ ಮಾಡಿಕೊಂಡಿದ್ದರು. ಅಂಗಿಗೆ ಎದೆಯ ಮೇಲೆ ಎರಡು ಕಿಸೆ. ಎರಡಕ್ಕೂ ಒಳಗಿನಿಂದ ಪ್ಯಾಂಟಿನ ದಪ್ಪ ಬಟ್ಟೆ ಕೊಟ್ಟು ಹೊಲಿಸಿದ್ದರು, ಯಾಕೆಂದರೆ ಒಂದೊಂದರಲ್ಲೂ ಚಷ್ಮಾದ ಡಬ್ಬಿಯಷ್ಟು ಉದ್ದದ ಒಂದೊಂದು ಯಂತ್ರ ಇರುತ್ತಿತ್ತು. ಮೆಟ್ಟಿಲು ಹತ್ತಿ ಬರುವಾಗ ಅವು ಎದೆಗೆ ಬಡಿದು ಟಪ್ ಟಪ್ ಅನ್ನುತ್ತಿದ್ದವು. ಆ ಸದ್ದು ಕೇಳಿದ ಕೂಡಲೇ ಕ್ಲಾಸಿನ ಹುಡುಗಿಯರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಅವರು ಟೈಪಿಂಗ್ ಮಾಸ್ತರು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರಿನಲ್ಲಿ ಒಂದೊಂದು ಬಾಡಿಗೆ ಕೋಣೆ, ಕೋಣೆಗೆ ಐದಾರು ಹಳೆಯ ಟೈಪ್‌ರೈಟರು. ವಾರವನ್ನು ಮೂರು ಪಾಲು ಮಾಡಿ ಬಸ್ಸಿನಲ್ಲಿ ಅಡ್ಡಾಡುತ್ತಿದ್ದರು. ಮಸ್ಕಿಯ ಪಾಲಿನಲ್ಲಿ ಸಂತೆಯ ದಿನ ತಪ್ಪದೆ ಇರುತ್ತಿತ್ತು. ಕೂತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಕಪ್ಪು ಕೈಯಲ್ಲಿ ಹಿಡಿದು ಟೈಪ್‌ರೈಟರುಗಳ ನಡುವೆ ಓಡಾಡುತ್ತಲೇ ಅರ್ಧ ಕುಡಿದು, ಇನ್ನರ್ಧವನ್ನು ಯಾವುದೋ ಕಿಟಕಿಯ ಮೇಲೆ ಮರೆತು ಬಿಡುತ್ತಿದ್ದರು. ಸಂಜೆ ಕಸ ಗುಡಿಸುವಾಗ ನಮಗೆ ಮೂರು ನಾಲ್ಕು ಅರ್ಧ ಕಪ್ಪುಗಳು ಸಿಗುತ್ತಿದ್ದವು.

ಎಂಬತ್ತರ ದಶಕದ ಮಧ್ಯದಲ್ಲಿ ನಾನು ಅವರ ಮಸ್ಕಿಯ ಇನ್‌ಸ್ಟಿಟ್ಯೂಟಿಗೆ ಹೋದದ್ದು ಇಂಗ್ಲಿಷ್ ಲೆಟರ್ ಡ್ರಾಫ್ಟಿಂಗ್ ಕಲಿಸಲಿಕ್ಕೆ. ಸಿಕಂದರಾಬಾದಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದು, ಮದುವೆಯಾಗಿ ಮಸ್ಕಿಗೆ ಬಂದವಳು ನಾನು. ಯಜಮಾನರು ಹತ್ತಿ ಜಿನ್ನಿಂಗ್ ಮಿಲ್ಲಿನ ಮ್ಯಾನೇಜರು. ಮನೆಯಲ್ಲಿ ನನಗೆ ಮಾಡಲು ಏನೂ ಇರುತ್ತಿರಲಿಲ್ಲ. ಮಧ್ಯಾಹ್ನ ಮಾಳಿಗೆ ಹತ್ತಿ ಹೈದರಾಬಾದಿಗೆ ಹೋಗುವ ಬಸ್ಸು ದಾಟಿ ಹೋಗುವುದನ್ನು ನೋಡುವುದೇ ಒಂದು ಎಂಗೇಜ್‌ಮೆಂಟ್ ಆಗಿತ್ತು. ಐ ವಾಸ್ ಎ ವೆರಿ ರೆಸ್ಟ್‌ಲೆಸ್ ಯಂಗ್ ವುಮನ್. ಮಾಸ್ತರಿಗೆ ಅದು ಮೊದಲ ದಿನವೇ ಕಂಡಿರಬೇಕು. ಕಿಸೆಯಿಂದ ಒಂದು ಯಂತ್ರ ತೆಗೆದು ನನ್ನ ಮೇಜಿನ ಮೇಲಿಟ್ಟು, "ಇದರ ಕೂಡ ಮಾತಾಡ್ರಿ ಅಕ್ಕೋರ. ಇದಕ್ಕ ಇಂಗ್ಲಿಷ್ ಬಿಟ್ರ ಬ್ಯಾರೆ ಬರಂಗಿಲ್ಲ" ಅಂದರು.

ಅದು ಪಾಕೆಟ್ ಕಂಪ್ಯೂಟರ್. ಈಗಿನವರಿಗೆ ಹೇಗೆ ಹೇಳಲಿ? ನೋಡಲಿಕ್ಕೆ ದೊಡ್ಡ ಕ್ಯಾಲ್ಕುಲೇಟರಿನಂತೆ. ಮೇಲೆ ಒಂದೇ ಒಂದು ಸಾಲಿನ ಬೂದು ಬಣ್ಣದ ಪರದೆ, ಕೆಳಗೆ ಶೇಂಗಾ ಬೀಜದಷ್ಟು ಸಣ್ಣ ಅಕ್ಷರದ ಕೀಲಿಗಳು. ಲೆಕ್ಕ ಮಾಡುವುದಷ್ಟೇ ಅಲ್ಲ, ಅದಕ್ಕೆ ನಾವು ಪ್ರೋಗ್ರಾಮ್ ಬರೆದು ಕಲಿಸಬಹುದಿತ್ತು, ಕಲಿಸಿದ್ದನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಕಾಲುವೆಯ ಇಂಜಿನಿಯರುಗಳು, ಗಣಿಯ ಸರ್ವೇಯವರು, ಗಲ್ಫಿಗೆ ಹೋಗಿ ಬಂದವರು ತಂದಿದ್ದವು. ಪರದೆ ಮಂಕಾದರೆ, ಸೆಲ್ಲು ಸೋರಿ ಒಳಗೆ ಬಿಳಿ ಪುಡಿ ಕಟ್ಟಿದರೆ ಮೂಲೆಗೆ ಎಸೆಯುತ್ತಿದ್ದರು. ಮಾಸ್ತರು ಅಂಥವನ್ನು ಕೇಳಿ ತಂದು ಸಾಕುತ್ತಿದ್ದರು. ಆ ಪುಡಿಯನ್ನು ನಿಂಬೆರಸ ಹಚ್ಚಿದ ಹತ್ತಿಯಿಂದ ಒರೆಸುವುದು, ಟೈಪ್‌ರೈಟರಿನ ಬ್ರಶ್ಶಿನಿಂದ ಕೀಲಿಗಳ ಸಂದಿ ಗುಡಿಸುವುದು. ನಾನು ಸೇರುವಾಗ ಅವರ ಬಳಿ ಹದಿನಾಲ್ಕು ಇದ್ದವು. ಕೆಲವು ಜನ ಅವರಿಗೇ ಕೊಟ್ಟುಬಿಟ್ಟವು, ಕೆಲವು ನಂಬಿ ಇಡಲು ಕೊಟ್ಟವು.

ಆ ಯಂತ್ರಗಳ ಗುಣ ಒಂದಿತ್ತು. ಸ್ವಿಚ್ ಆಫ್ ಮಾಡಿದರೂ ಒಳಗಿನ ನೆನಪು ಸೆಲ್ಲಿನ ಸಣ್ಣ ಜೀವದ ಮೇಲೆ ನಿಂತಿರುತ್ತಿತ್ತು. ಸೆಲ್ಲು ತೆಗೆದರೆ ಎಲ್ಲ ಅಳಿಸಿ ಹೋಗುತ್ತಿತ್ತು. ಹಾಗಾಗಿ ಮಾಸ್ತರು ಸೆಲ್ಲು ಬದಲಿಸುವ ಮೊದಲು ಹೊರಗಿನಿಂದ ಬೇರೆ ಎರಡು ಸೆಲ್ಲಿಗೆ ವೈರು ಕಟ್ಟಿ, ಸಣ್ಣ ಕ್ಲಿಪ್ಪುಗಳಿಂದ ಯಂತ್ರಕ್ಕೆ ಹಚ್ಚಿ, ಆಮೇಲೆ ಹಳೆಯದನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಅದಕ್ಕೆ ಅವರು ಸಲೈನ್ ಹಚ್ಚೋದು ಅನ್ನುತ್ತಿದ್ದರು. ಅದೊಂದು ಹೊತ್ತು ಮಾತ್ರ ಅವರು ಕುರ್ಚಿಯ ಮೇಲೆ ಕೂರುತ್ತಿದ್ದದ್ದು.

ಒಳಗೆ ಏನಿದೆ ಎಂದು ಬಿಚ್ಚಿ ನೋಡುತ್ತಿರಲಿಲ್ಲ. ಪ್ರೋಗ್ರಾಮನ್ನು ನಡೆಸಿ ನೋಡುವುದು ಸರಿ, ಆದರೆ ಅದರ ಸಾಲುಗಳನ್ನು ತೆಗೆದು ಓದುವುದು ಇನ್ನೊಬ್ಬರ ಪತ್ರ ಒಡೆದಂತೆ ಎಂಬುದು ಅವರ ನಿಯಮ. ಹಳೆಯದನ್ನು ಅಳಿಸಿ ನಾನು ನನ್ನದೊಂದು ಬರೆಯಲೇ ಎಂದು ಕೇಳಿದಾಗ ಕೈ ಅಡ್ಡ ಇಟ್ಟಿದ್ದರು. "ಒಳಗ ಯಾರೋ ಕುಂತಾರ ಅಕ್ಕೋರ. ಅವರನ್ನ ಎಬ್ಬಿಸಬಾರದು."

ಬಸ್ ಸ್ಟ್ಯಾಂಡಿನ ಚಹಾದವನಿಗೆ ಇದೆಲ್ಲ ದಿನದ ಮೋಜು. ಎರಡೆರಡು ಕಂಪ್ಯೂಟರ್ ಕಿಸೆಯಲ್ಲಿಟ್ಟುಕೊಂಡು ಅಡ್ಡಾಡುತ್ತೀರಲ್ಲ ಮಾಸ್ತರ, ಲಿಂಗಸುಗೂರು ಬಸ್ಸು ಯಾವಾಗ ಬರುತ್ತದೆ, ಅದನ್ನಾದರೂ ಹೇಳಿಸಿರಿ ಎಂದು ಕೆಣಕುತ್ತಿದ್ದ. ಮಾಸ್ತರು ಗಂಭೀರವಾಗಿ, "ಇದು ಲೆಕ್ಕ ಮಾಡ್ತೈತಪಾ, ಭವಿಷ್ಯ ಹೇಳಂಗಿಲ್ಲ" ಅನ್ನುತ್ತಿದ್ದರು.

ಪಾಮನಕಲ್ಲೂರಿನ ಆ ತಾಯಿ ಬಂದದ್ದು ಒಂದು ಸಂತೆಯ ದಿನ. ತಲೆಯ ಮೇಲೆ ಒಣಮೆಣಸಿನಕಾಯಿಯ ಬುಟ್ಟಿ. ಹೊಸ್ತಿಲ ಹೊರಗೇ ನಿಂತು, ಸೆರಗಿನ ಗಂಟಿನಿಂದ ಒಂದು ಪಾಕೆಟ್ ಕಂಪ್ಯೂಟರ್ ಬಿಚ್ಚಿದಳು. "ಇದು ನನ್ನ ಮಗಂದು. ರೇಡಿಯೋ ಅಂದ್ರು, ಹಾಡವಲ್ದು" ಅಂದಳು. ಮಗ ಅವರ ಓಣಿಯಲ್ಲಿ ಮೊದಲು ಇಂಜಿನಿಯರ್ ಆದವನು. ಕಾಲುವೆಯ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಗೊರೇಬಾಳದ ಹತ್ತಿರ ಜೀಪು ಉರುಳಿ ತೀರಿಹೋಗಿದ್ದ. ಇಲಾಖೆಯವರು ಅವನ ಟ್ರಂಕು ಮನೆಗೆ ಕಳಿಸಿದ್ದರು, ಇದು ಅದರೊಳಗೆ ಇತ್ತು.

ಮಾಸ್ತರು ಸಲೈನ್ ಹಚ್ಚಿದರು, ಸೆಲ್ಲು ಬದಲಿಸಿದರು, ಪ್ರೋಗ್ರಾಮ್ ನಡೆಸುವ ಕೀಲಿ ಒತ್ತಿದರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಬಲದಿಂದ ಎಡಕ್ಕೆ ಇರುವೆ ಸಾಲಿನಂತೆ ಹರಿದವು. ಅಕ್ಷರ ಇಂಗ್ಲಿಷು, ಮಾತು ನಮ್ಮದು. ಮಾಸ್ತರು ನಿಧಾನವಾಗಿ ಓದಿದರು. "ಯವ್ವಾ, ಉಂಡೇನು?"

ಆಕೆ ಬುಟ್ಟಿ ಇಳಿಸಿದಳು.

ರಜೆಯಲ್ಲಿ ಊರಿಗೆ ಬಂದಾಗ ತೋರಿಸಲೆಂದು ಬರೆದಿದ್ದನೋ ಏನೋ, ಒಂದಿಷ್ಟು ವಾಕ್ಯಗಳನ್ನು ಒಳಗೆ ತುಂಬಿಟ್ಟಿದ್ದ. ಕೀಲಿ ಒತ್ತಿದಾಗ ಯಂತ್ರ ಅದರಲ್ಲಿ ತನಗೆ ತೋಚಿದ್ದೊಂದನ್ನು ಆರಿಸಿ ತೋರಿಸುತ್ತಿತ್ತು. ಯಾವುದು ಬರುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಯಂತ್ರವನ್ನು ನಮ್ಮಲ್ಲೇ ಬಿಟ್ಟು, ಅಂದಿನಿಂದ ಆಕೆ ಪ್ರತಿ ಸಂತೆಗೂ ಬಂದಳು. ಮೊದಮೊದಲು ಒಳಗೆ ಬಾ ಎಂದರೂ ಮೆಟ್ಟಿಲ ಮೇಲೆಯೇ ಕೂರುತ್ತಿದ್ದಳು. ಮಾಸ್ತರು ಪ್ರತಿ ಸಲ ಒಂದು ಕುರ್ಚಿ ತಂದು ತಮ್ಮ ಮೇಜಿನ ಎದುರಿಗೆ ಹಾಕಿ ಹೋಗುತ್ತಿದ್ದರು. ಮೂರನೆಯ ಸಂತೆಗೆ ಆಕೆ ಎದ್ದು ಬಂದು ಆ ಕುರ್ಚಿಯಲ್ಲಿ ಕೂತಳು. ವಾರಕ್ಕೆ ಒಂದೇ ಸಲ ಒತ್ತುವುದು, ಬಂದದ್ದನ್ನು ಕೇಳುವುದು, ಉತ್ತರ ಕೊಟ್ಟು ಎದ್ದು ಹೋಗುವುದು. "ಆಡು ಮಾರಬ್ಯಾಡ" ಎಂದು ಬಂದ ದಿನ, "ಮಾರೀನಪಾ, ಏನ್ ಮಾಡ್ಲಿ" ಎಂದು ಯಂತ್ರಕ್ಕೇ ಹೇಳಿದ್ದಳು.

ಒಂದು ಸಲ ಪರದೆಯ ಮೇಲೆ "ರವಿವಾರ ಬರ್ತೀನಿ" ಎಂದು ಹರಿಯಿತು. ನಾನು ಮಾಸ್ತರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಬೇರೆ ಏನಾದರೂ ಓದಿರಿ, ಹಿಂದಿನದನ್ನೇ ಓದಿರಿ ಎಂದು ಕಣ್ಣಿನಲ್ಲಿ ಸನ್ನೆ ಮಾಡಿದೆ. ಅವರು ನನ್ನ ಕಡೆ ಒಮ್ಮೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಓದಿದರು. ಆಕೆ ನಕ್ಕಳು. "ಇದ್ದಾಗೂ ಹಿಂಗ ಅಂತಿದ್ದ. ಯಾವ ರವಿವಾರ ಬಂದಿದ್ದ ಅಂವ?"

ಅವತ್ತು ನನಗೆ ಮಾಸ್ತರ ಮೇಲೆ ಸಿಟ್ಟು ಬಂದಿತ್ತು. ಟ್ಯಾಕ್ಟ್ ಅನ್ನುವುದು ಈ ಮನುಷ್ಯನಿಗೆ ಗೊತ್ತೇ ಇಲ್ಲ ಅನ್ನಿಸಿತ್ತು.

ಸುಮಾರು ಒಂದು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ನಾವು ಏಳು ಬೇರೆ ಬೇರೆ ವಾಕ್ಯಗಳನ್ನು ಕೇಳಿದ್ದೆವು. ಏಳನೆಯದು ಬಂದದ್ದು ಬಹಳ ತಡವಾಗಿ, ಹತ್ತು ತಿಂಗಳ ಮೇಲೆ. ಇನ್ನೂ ಇರಬಹುದು ಎಂಬ ಆಸೆ ಆಕೆಯ ನಡಿಗೆಯಲ್ಲೇ ಕಾಣುತ್ತಿತ್ತು.

ಬೇಸಿಗೆ ರಜೆಗೆ ಮುಂಚಿನ ಕೊನೆಯ ಸಂತೆ. ಮಧ್ಯಾಹ್ನದ ಬಸ್ಸಿಗೆ ನಾನು ಸಿಕಂದರಾಬಾದಿಗೆ, ನನ್ನ ತಾಯಿಯ ಮನೆಗೆ ಹೊರಟವಳು. ಸೂಟ್‌ಕೇಸು ಇನ್‌ಸ್ಟಿಟ್ಯೂಟಿನ ಬಾಗಿಲಲ್ಲೇ ಇತ್ತು. ಮಾಸ್ತರು ಸಿಂಧನೂರಿನಿಂದ ಬರುವುದರೊಳಗೆ ಅಲಮಾರಿ ಒರೆಸಿ ಯಂತ್ರಗಳನ್ನು ಜೋಡಿಸಿಬಿಡೋಣ ಎಂದು ನಾನೊಬ್ಬಳೇ ಕೂತೆ. ಆಕೆಯ ಮಗನ ಯಂತ್ರದ ಹಿಂದಿನ ಮುಚ್ಚಳ ತೆಗೆದರೆ, ಒಂದು ಸೆಲ್ಲಿನ ತುದಿಯಲ್ಲಿ ಬಿಳಿ ಪುಡಿ.

ನಮ್ಮ ಬೋರ್ಡಿಂಗಿನಲ್ಲಿ ರಜೆಗೆ ಹೊರಡುವ ದಿನ ಸಿಸ್ಟರ್ ಒಬ್ಬರು ಸಾಲಾಗಿ ನಿಲ್ಲಿಸಿ ಎಲ್ಲರ ಟಾರ್ಚುಗಳಿಂದ ಸೆಲ್ಲು ತೆಗೆಸುತ್ತಿದ್ದರು. ಸೋರುವ ಸೆಲ್ಲು ಒಳ್ಳೆಯ ಟಾರ್ಚನ್ನು ತಿಂದುಬಿಡುತ್ತದೆ, ಗರ್ಲ್ಸ್, ನೆವರ್ ಪೋಸ್ಟ್‌ಪೋನ್ ಎನ್ನುತ್ತಿದ್ದರು. ಆ ಕೆಲಸದಲ್ಲಿ ನನಗೆ ಯಾವಾಗಲೂ ಶಭಾಷ್‌ಗಿರಿ. ಸಲೈನ್ ಹಚ್ಚುವ ಕ್ಲಿಪ್ಪುಗಳು ಮಾಸ್ತರ ಚೀಲದಲ್ಲಿ, ಚೀಲ ಇನ್ನೂ ಸಿಂಧನೂರಿನ ಬಸ್ಸಿನಲ್ಲಿ. ಗಡಿಯಾರ ನೋಡಿದೆ. ಯಂತ್ರ ಹೇಗೂ ಆಫ್ ಆಗಿದೆ, ಒಂದು ನಿಮಿಷದ ಮಾತು, ಬಂದ ಮೇಲೆ ಮಾಸ್ತರು ಮೆಚ್ಚುತ್ತಾರೆ ಅಂದುಕೊಂಡೆ. ಹತ್ತಾರು ಸಲ ಅವರು ಸಲೈನ್ ಹಚ್ಚುವುದನ್ನು ಕಣ್ಣಾರೆ ಕಂಡವಳು, ಆ ಕ್ಷಣಕ್ಕೆ ಹುಡುಗಿಯಾಗಿ ಸಿಸ್ಟರ್ ಮುಂದೆ ನಿಂತಿದ್ದೆ. ಎರಡೂ ಸೆಲ್ಲು ತೆಗೆದೆ. ನಿಂಬೆರಸದಿಂದ ಒರೆಸಿದೆ, ಒಣಗಿಸಿದೆ, ಹೊಸ ಸೆಲ್ಲು ಹಾಕಿದೆ, ಸ್ವಿಚ್ ಒತ್ತಿದೆ.

ಪರದೆಯ ಎಡತುದಿಯಲ್ಲಿ ಒಂದು ಸಣ್ಣ ಬಾಣದ ಗುರುತು ಮಾತ್ರ ಬಂತು. ನಡೆಸುವ ಕೀಲಿ ಒತ್ತಿದೆ. ಬಾಣವೇ. ಮತ್ತೆ ಒತ್ತಿದೆ. ಎಷ್ಟು ಸಲ ಒತ್ತಿದೆನೋ.

ಮೆಟ್ಟಿಲ ಮೇಲೆ ಟಪ್ ಟಪ್ ಕೇಳಿಸಿತು. ಮಾಸ್ತರು ನನ್ನ ಮುಖ ನೋಡಿದರು, ಮೇಜು ನೋಡಿದರು, ಕೇಳದೆಯೇ ತಿಳಿದುಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನಾನೇ ಗಡಬಡಿಸಿ ಮಾತಾಡಿದೆ. ಏಳೂ ವಾಕ್ಯ ನನಗೆ ಬಾಯಿಪಾಠ ಇದೆ, ಪ್ರೋಗ್ರಾಮ್ ಬರೆಯಲು ನೀವೇ ಕಲಿಸಿದ್ದೀರಿ, ಹತ್ತು ನಿಮಿಷದಲ್ಲಿ ಮತ್ತೆ ಒಳಗೆ ಹಾಕಿಬಿಡುತ್ತೇನೆ, ಆಕೆಗೆ ಓದಲು ಬರುವುದಿಲ್ಲ, ವ್ಯತ್ಯಾಸವೇ ತಿಳಿಯುವುದಿಲ್ಲ ಎಂದೆ.

ಅವರು ಕಿಟಕಿಯವರೆಗೆ ಹೋಗಿ ಬಂದರು. ಮತ್ತೆ ಹೋಗಿ ಬಂದರು.

"ಏಳು ನಮಗ ಗೊತ್ತು ಅಕ್ಕೋರ. ಎಂಟನೇದು ಇದ್ದಿದ್ರ?"

ಅವರೇ ಮುಂದುವರಿಸಿದರು. "ಆಕೀಗೆ ಓದಾಕ ಬರಂಗಿಲ್ಲ ಅಂತ, ನಾವು ಬರದದ್ದನ್ನ ಮಗಂದು ಅಂತ ಓದಿ ಹೇಳೋದು ಹ್ಯಾಂಗ್ರೀ?"

ಅಷ್ಟರಲ್ಲಿ ಆಕೆ ಬಂದಳು. ಬುಟ್ಟಿ ಇಳಿಸಿ, ರೂಢಿಯಂತೆ ತನ್ನ ಕುರ್ಚಿಯ ಕಡೆ ನಡೆದಳು. ನಾನು ಅಲಮಾರಿಗೆ ಒತ್ತಿಕೊಂಡು ನಿಂತೆ. ಹೇಳಬೇಕಾದವಳು ನಾನು.

ಮಾಸ್ತರು ಆಕೆಯ ಎದುರು ನಿಂತು ಹೇಳಿದರು. "ಯವ್ವಾ, ಸೆಲ್ ಬದಲಿ ಮಾಡುವಾಗ ನನ್ನ ಕೈ ತಪ್ಪಿತು. ಒಳಗಿಂದು ಹೋತು. ಮತ್ತ ಬರಂಗಿಲ್ಲ."

"ಎಲ್ಲಾ?"

"ಎಲ್ಲಾ."

ಆಕೆ ಮಾಸ್ತರನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮಾಸ್ತರನ್ನು ನೋಡಿದಳು. "ಮಂದಿ ನಿನ್ನ ಕೈ ಭಾಳ ಚಲೋ ಅಂತಿದ್ರು" ಅಂದಳು. ಆಮೇಲೆ ಯಂತ್ರ ಇಸಿದುಕೊಂಡು ಸೆರಗಿನಲ್ಲಿ ಗಂಟು ಹಾಕಿ, ಬುಟ್ಟಿ ಹೊತ್ತು ಇಳಿದು ಹೋದಳು. ಕುರ್ಚಿಯಲ್ಲಿ ಕೂರಲೇ ಇಲ್ಲ.

ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೈದರಾಬಾದ್ ಬಸ್ಸು ನನಗೆ ಸಿಕ್ಕಿತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು.

ರಜೆ ಮುಗಿಸಿ ಬಂದಾಗ ಸುದ್ದಿ ಮೂರೂ ಊರಿಗೆ ಹಬ್ಬಿತ್ತು. ಚಹಾದವನು ಮೊದಲಿನ ಮೋಜಿನ ದನಿಯಲ್ಲೇ, ಸತ್ತವನನ್ನು ಎರಡನೇ ಸಲ ಸಾಯಿಸಿದಿರಂತಲ್ಲ ಮಾಸ್ತರ ಅಂದ. ಮಾಸ್ತರು ಚಹಾದ ಕಪ್ಪು ತೆಗೆದುಕೊಂಡು ಸುಮ್ಮನೆ ಈಚೆ ಬಂದರು. ಪಕ್ಕದಲ್ಲಿ ನಾನಿದ್ದೆ, ನಾನೂ ಸುಮ್ಮನಿದ್ದೆ. ನಂಬಿ ಇಟ್ಟವರಲ್ಲಿ ಲಿಂಗಸುಗೂರಿನವರು ಮೂವರು, ಸಂತೆಕಲ್ಲೂರಿನ ಗಲ್ಫ್‌ನವರು ಇಬ್ಬರು ಬಂದು ತಮ್ಮ ತಮ್ಮ ಯಂತ್ರ ಕೇಳಿ ಒಯ್ದರು. ಹದಿನಾಲ್ಕು ಇದ್ದವು ಒಂಬತ್ತಾದವು. ಒಂದೊಂದನ್ನೂ ಅವರು ನಿಂಬೆರಸದಿಂದ ಒರೆಸಿ, ಹೊಸ ಸೆಲ್ಲು ಹಾಕಿ, ಮತ್ತೆ ಯಾವಾಗ ಬದಲಿಸಬೇಕೆಂದು ಚೀಟಿ ಬರೆದೇ ಕೊಟ್ಟರು.

ಪ್ರತಿ ವಾರ, ಮುಂದಿನ ಸಂತೆಗೆ ನಿಜ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಆದರೆ ಆಕೆ ಸಂತೆಯ ದಿನ ನಮ್ಮ ಬೀದಿಗೇ ಬರುವುದು ಬಿಟ್ಟಿದ್ದಳು. ಒಂದು ದಿನ ಪಾಮನಕಲ್ಲೂರಿಗೇ ಹೋಗಿ ಹೇಳಿಬರುತ್ತೇನೆ ಎಂದಾಗ ಮಾಸ್ತರು ರಿಬ್ಬನ್ ಸುತ್ತುತ್ತ ತಲೆ ಎತ್ತದೆ ಅಂದರು. "ನೀವು ಈ ಊರಾಗ ಇರಬೇಕು ಅಕ್ಕೋರ. ನಾ ಬಸ್ಸಿನ್ಯಾಗ ಇರಾಂವ. ನನಗ ಏನಾಕ್ಕೈತಿ?" ನಾನು ಅದನ್ನು ಪರ್ಮಿಷನ್ ಎಂದು ತೆಗೆದುಕೊಂಡೆ. ಎಷ್ಟು ಸುಲಭವಾಗಿ ತೆಗೆದುಕೊಂಡೆ.

ಅವರು ಮಾತ್ರ ಪಾಮನಕಲ್ಲೂರಿಗೆ ಹೋಗುವುದನ್ನು ಬಿಡಲಿಲ್ಲ. ನಾಲ್ಕು ತಿಂಗಳಿಗೊಮ್ಮೆ ಮಸ್ಕಿಯಿಂದ ಬಸ್ಸು ಹಿಡಿದು, ಆ ಬರಿದಾದ ಯಂತ್ರಕ್ಕೆ ಸೆಲ್ಲು ಬದಲಿಸಿ ಬರುತ್ತಿದ್ದರು. ಮೊದಲೆರಡು ಸಲ ಬಾಗಿಲಲ್ಲೇ ನಿಲ್ಲಿಸಿದಳಂತೆ. ಆಮೇಲೆ ಮಜ್ಜಿಗೆ ಕೊಟ್ಟಳಂತೆ. ಅದಕ್ಕೂ ಸಲೈನ್ ಹಚ್ಚುತ್ತೀರಾ ಎಂದು ಕೇಳಿದೆ. ಹಚ್ಚುತ್ತೇನೆ ಅಂದರು. ಒಳಗೆ ಏನೂ ಇಲ್ಲವಲ್ಲ ಎಂದೆ. "ಖಾಲಿ ಮನಿ ಅಂತ ಕದ ತಗದು ಬಿಡ್ತಾರೇನ್ರೀ?" ಅಂದರು.

ತೊಂಬತ್ತರ ದಶಕದಲ್ಲಿ ಸಿಂಧನೂರಿನಲ್ಲಿ ಕಂಪ್ಯೂಟರ್ ಸೆಂಟರ್ ತೆರೆಯಿತು, ಎ.ಸಿ. ಹಾಕಿದ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಟೈಪಿಂಗಿಗೆ ಬರುವವರು ಕಡಿಮೆಯಾದರು. ಮೊದಲು ಸಿಂಧನೂರಿನ ಕೋಣೆ ಬಿಟ್ಟರು, ಆಮೇಲೆ ಮಸ್ಕಿಯದು. ಆದರೂ ಬಸ್ಸಿನ ತಿರುಗಾಟ ನಿಲ್ಲಲಿಲ್ಲ. ನಮ್ಮ ಮನೆಗೆ ಬಂದು ನಿಂತೇ ಅರ್ಧ ಚಹಾ ಕುಡಿದು ಹೋಗುತ್ತಿದ್ದರು. ಒಂದು ದಿನ ಲಿಂಗಸುಗೂರಿನ ಕೋಣೆಯಲ್ಲಿ, ಒಂದು ಯಂತ್ರದ ಮುಚ್ಚಳ ತೆಗೆದು ಕೂತವರು ಹಾಗೇ ಮೇಜಿನ ಮೇಲೆ ತಲೆಯಿಟ್ಟರಂತೆ, ಮತ್ತೆ ಏಳಲಿಲ್ಲ. ಎದುರಿನ ಯಂತ್ರಕ್ಕೆ ಕ್ಲಿಪ್ಪು ಹಚ್ಚಿಯೇ ಇತ್ತಂತೆ. ಒಳಗಿದ್ದವರು ಉಳಿದರು.

ಅವರ ತಂಗಿಯ ಮಗಳು ಒಂಬತ್ತು ಯಂತ್ರಗಳ ಡಬ್ಬಿಯನ್ನು ನನಗೆ ತಂದುಕೊಟ್ಟಳು, ಅಕ್ಕೋರಿಗೆ ಕೊಡಬೇಕು ಎಂದು ಮೊದಲೇ ಹೇಳಿಟ್ಟಿದ್ದರಂತೆ. ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದರು. ಯಾವ ಯಂತ್ರಕ್ಕೆ ಯಾವ ತಿಂಗಳು ಸೆಲ್ಲು ಎಂಬ ಪಟ್ಟಿ. ಡಬ್ಬಿಯಲ್ಲಿ ಒಂಬತ್ತು, ಪಟ್ಟಿಯಲ್ಲಿ ಹತ್ತು. ಹತ್ತನೆಯದರ ಮುಂದೆ ಪಾಮನಕಲ್ಲೂರು ಎಂದಷ್ಟೇ ಇತ್ತು, ಮತ್ತು ಅದು ಅದೇ ತಿಂಗಳು.

ನಾನು ಹೋದೆ. ಹೆಗಲಲ್ಲಿ ಮಾಸ್ತರ ಚೀಲ, ಅದರೊಳಗೆ ಕ್ಲಿಪ್ಪುಗಳು. ಆಕೆ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮಗಳ ಮಕ್ಕಳು ಸುತ್ತ ಗದ್ದಲ ಹಾಕುತ್ತಿದ್ದರು. ಮಾಸ್ತರ ಸುದ್ದಿ ಹೇಳಿದೆ. ಮೊರ ಕೆಳಗಿಟ್ಟಳು. ಎದ್ದು ಒಳಗೆ ಹೋಗಿ ಯಂತ್ರ ತಂದು ನನ್ನ ಮುಂದಿಟ್ಟಳು. ಅದೇ ಹಳೆಯ ಸೆರಗಿನ ಬಟ್ಟೆಯಲ್ಲಿ ಸುತ್ತಿತ್ತು.

ಮುಚ್ಚಳಕ್ಕೆ ಕೈ ಹಚ್ಚುವ ಮೊದಲು ಹೇಳಿದೆ. ಅವತ್ತು ಕೈ ತಪ್ಪಿದ್ದು ಮಾಸ್ತರದ್ದಲ್ಲ, ನನ್ನದು ಎಂದೆ. ಇಷ್ಟು ವರ್ಷ ಹೇಳದೆ ಇದ್ದೆ ಎಂದೆ. ಕಾನ್ವೆಂಟಿನಲ್ಲಿ ಕನ್‌ಫೆಷನ್ ನೋಡಿದ್ದೆ. ಹೇಳಿದ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

"ಗೊತ್ತಿತ್ತು" ಅಂದಳು.

ನಾನು ತಲೆ ಎತ್ತಿದೆ.

"ಅವತ್ತು ಮಾಸ್ತರ ಕೈಯಾಗ ಏನೂ ಇದ್ದಿಲ್ಲ. ಹಳೀ ಸೆಲ್ ಎರಡೂ ನಿನ್ನ ಮುಷ್ಟಿಯೊಳಗ ಇದ್ದವು. ನಿನಗ ಅದರ ಖಬರ ಇದ್ದಿಲ್ಲ."

ನಿಜಕ್ಕೂ ನನಗೆ ಇರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕೈ ಬಿಚ್ಚಿದಾಗ ಅವು ಬೆಚ್ಚಗಾಗಿದ್ದವು ಎಂಬುದು ಈಗ ನೆನಪಾಯಿತು. ಹಾಗಾದರೆ ಮಾಸ್ತರಿಗೆ ಯಾಕೆ ಹೇಳಲಿಲ್ಲ, ಅವರು ಅಷ್ಟು ವರ್ಷ ನಿಮ್ಮ ಬಾಗಿಲಿಗೆ ಬಂದರಲ್ಲ ಎಂದು ಕೇಳಿದೆ.

"ಅಷ್ಟು ಕಷ್ಟಪಟ್ಟು ಹೇಳಿದ್ದ, ಪಾಪ" ಅಂದಳು. ಮತ್ತೆ ಮೊರ ಕೈಗೆತ್ತಿಕೊಂಡಳು. "ಸೆಲ್ ಹಾಕು. ನಾಕರ ಬಸ್ ತಪ್ಪಿದ್ರ ಮತ್ತ ಸಂಜೀಕ ಐತಿ."

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ನಾನು ಕ್ಲಿಪ್ಪುಗಳನ್ನು ಬಿಡಿಸಿ ಹಚ್ಚಿದೆ. ಒಂದು ಸೆಲ್ಲು ತೆಗೆದೆ, ಹೊಸದು ಹಾಕಿದೆ. ಇನ್ನೊಂದು ತೆಗೆದೆ, ಹೊಸದು ಹಾಕಿದೆ. ಆಮೇಲೆ ಒಂದೊಂದೇ ಕ್ಲಿಪ್ಪು ಬಿಚ್ಚಿದೆ. ಬಸ್ಸು ತಪ್ಪಿತು.